ಮುದ್ದೆಮಾಲು

ವಿಮಾನ ಇಳಿದಾಗ ಅದರ ಮೈಗೆ
ಯಾರೋ ಗಂಡಸಿನ ಉದ್ದ ಕಾಲುಚೀಲ.
ತುದಿ ಕತ್ತರಿಸಿ, ಕೊಕ್ಕು ಮಾತ್ರ ಹೊರಗೆ.
ಬ್ಯಾಗಿನಲ್ಲಿ ಮೂರಿದ್ದವಂತೆ.
ಪರೇಲಿನ ನಮ್ಮ ಆಸ್ಪತ್ರೆಗೆ ಮುಟ್ಟಿದ್ದು ಒಂದು.

ಘಾಡ್ಗೆ ಹವಾಲ್ದಾರ ಬರೆಸಿದ:
ಮುದ್ದೆಮಾಲು ನಂಬರ್ ಹದಿನೇಳು. ಬಣ್ಣ, ಮಿಶ್ರ.
"ತಾರೀಖು ಬರೋವರೆಗೂ ಸಾಯಬಾರದು, ಸಮಜ್ಲಂ ಕಾ?"
ನನಗೆ ಹೇಳಿದನೋ, ಅದಕ್ಕೋ.

ಮಿಶ್ರವಂತೆ!
ಇಳಕಲ್ಲಿನಲ್ಲಿ ನೂಲು ಅದ್ದುವವರ ಮಗಳು ನಾನು,
ನೀಲಿ ಅಂದರೆ ಯಾವ ನೀಲಿ ಎಂದು ಕೇಳುವ ಪೈಕಿ.
ಬೆನ್ನಿನ ಈ ನೀಲಿ ಟ್ಯೂಬ್‌ಲೈಟಿನ ಕೆಳಗೆ ಹಸಿರು.
ಬಕೀಟು ಹಿಡಿದು ನಾನು ಆಚೆ ಸರಿದರೆ
ಬರೀ ಕಪ್ಪು.
ಯಾವ ಹಂಡೆಯಲ್ಲಿ ಎಷ್ಟು ಕುದಿಸಿದರೂ
ನೂಲಿಗೆ ಹತ್ತುವ ಬಣ್ಣವಲ್ಲ ಅದು.
ಹುಬ್ಬಿಗೆ ಸುಣ್ಣದ ಗೀರು. ಬಾಲದ ತುಂಬ ಕಣ್ಣು,
ನವಿಲಿನವಷ್ಟು ದೊಡ್ಡವಲ್ಲ, ನಾಲ್ಕಾಣೆಯಷ್ಟು.

ದಾರೂವಾಲಾ ಡಾಕ್ಟರಮ್ಮ ಪುಸ್ತಕ ತೆರೆದು ತೋರಿಸಿದರು.
ನೀರಿನ ಮೇಲೆ ಬೆಂಡೆಕಾಯಿಯಂತೆ ಬಿದ್ದ ದ್ವೀಪ, ಪಲಾವನ್.
"ಅಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ.
ಅಲ್ಲೂ ಈಗ ಕಾಡು..."
ಪುಸ್ತಕ ಮುಚ್ಚಿದರು.
ನನಗೆ ಪಲಾವು ಅಂತ ಕೇಳಿಸಿತ್ತು. ನಗು ಬಂತು.
ಆಮೇಲೆ ಊಟ ಸೇರಲಿಲ್ಲ.

ಮೂರನೇ ರಾತ್ರಿ, ಕೊನೆಯ ಲೋಕಲ್ ಹೋದ ಮೇಲೆ,
ಒಂದು ಜೋಳದ ಕಾಳು ಕಚ್ಚಿಕೊಂಡು
ಸ್ಟೀಲಿನ ಬೋಗುಣಿಯ ಮುಂದೆ ಬಂದು ನಿಂತಿತು.
ಅಡ್ಡಕ್ಕೆ ತಿರುಗಿ, ಒಂದು ರೆಕ್ಕೆ ನೆಲಕ್ಕಿಳಿಸಿ,
ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ,
ಬೋಗುಣಿಯೊಳಗಿನ ಹಕ್ಕಿಯ ಮುಂದೆ ಕಾಳು ಇಟ್ಟಿತು.
ಒಳಗಿನದೂ ಒಂದು ಕಾಳು ಇಟ್ಟಿತು.
ಹೆಣ್ಣು ಅಂದುಕೊಂಡಿತ್ತೋ ಏನೋ, ಪಾಪ.
ಎರಡೂ ಕಾದವು.
ತಗೋ ಅಂತ ಇಬ್ಬರೂ, ತಿನ್ನುವವರು ಯಾರೂ ಇಲ್ಲ.
ನಾನು ಮಾಪ್ ಊರಿಕೊಂಡು ನಿಂತೇ ಇದ್ದೆ.
ಮದುವೆ ಮನೆಯಲ್ಲಿ ಕರೆಯದೆ ಬಂದು
ಬಾಗಿಲಲ್ಲಿ ನಿಂತವಳ ಹಾಗೆ.

ಆಮೇಲೆ ಅದು ಟೈಲ್ಸು ಕೆರೆಯತೊಡಗಿತು.
ಕರ್, ಕರ್. ಬಿಳಿ ಟೈಲ್ಸಿನ ಅಡಿ
ಹುಳ ಎಲ್ಲಿಂದ ಬರಬೇಕು?
ಬೆಳಿಗ್ಗೆ ಕಂಪೌಂಡಿನ ಮಳೆಮರದ ಕೆಳಗೆ
ಗುಡಿಸಿಟ್ಟ ಎಲೆಯೆಲ್ಲ ಗೋಣಿಗೆ ತುಂಬಿ ತಂದು
ಪಂಜರದೊಳಗೆ ಸುರುವಿದೆ.
ಗುಡಿಸುವುದೇ ನನ್ನ ಕೆಲಸ. ಹಾಗೆ ಸುರುವಿದ್ದು ಅದೇ ಮೊದಲು.

ತಾರೀಖು ಮುಂದಕ್ಕೆ ಹೋಯಿತು. ಮತ್ತೆ ಹೋಯಿತು.
ಘಾಡ್ಗೆ ಬಂದು ಮೂಗು ಮುಚ್ಚಿಕೊಂಡ.
"ಈ ಕಚರಾ ಯಾರದ್ದು?"
ಎಲೆಯೊಳಗೆ ಕುತ್ತಿಗೆವರೆಗೂ ಇಳಿದಿತ್ತು ಹದಿನೇಳು.
"ಅದರದ್ದೇ ಸಾಹೇಬ," ಅಂದೆ.
"ಬರಕೊಳ್ರಿ."