ಮಸಿ ಎಂಬ ಬಿಳಿ ನಾಯಿ

ರಾತ್ರಿ ಎರಡೂವರೆಗೆ ಇಂಜಿನ್ನು ಕೆಮ್ಮಿ ಏಳುತ್ತದೆ.
ಕುಸಾಕಾಬೆ ಫ್ಲಾಸ್ಕಿನ ಮುಚ್ಚಳಕ್ಕೆ
ಹುರಿದ ಬಾರ್ಲಿಯ ಚಹಾ ಬಗ್ಗಿಸಿ ಕೊಡುತ್ತಾನೆ.
ಮಾತಿಲ್ಲ. ಹೊಕ್ಕೈಡೊದ ಈ ಮೂಲೆಯಲ್ಲಿ
ಜನವರಿಯಲ್ಲಿ ಮಾತಿಗೂ ಹೊಗೆ ಬರುತ್ತದೆ,
ಸುಮ್ಮನೆ ಯಾಕೆ ಖರ್ಚು.

ರಸ್ತೆ ಎಲ್ಲಿದೆಯೆಂದು ರಸ್ತೆ ಹೇಳುವುದಿಲ್ಲ,
ಕಂಬದಿಂದ ಬಾಗಿದ ಕೆಂಪು ಬಿಳಿ ಬಾಣ ಹೇಳುತ್ತದೆ:
ಇಲ್ಲಿಗೆ ಮುಗಿಯಿತು, ಇಲ್ಲಿಂದಾಚೆ ಗದ್ದೆ.
ಇಪ್ಪತ್ತೆರಡು ಚಳಿಗಾಲ ಬಾಣ ನಂಬಿ ಹಿಮ ಸರಿಸಿದ್ದೇನೆ.
ನಾಯಿಗಳ ಸುದ್ದಿ ಮಾತ್ರ
ಬಾಣ ಹೇಳುವುದಿಲ್ಲ.

ಕ್ಷೌರದಂಗಡಿಯ ಹತ್ಸುಎ ಅವರಿಗೆ ಎರಡು ನಾಯಿ.
ಒಂದು ಕಿನಾಕೊ, ಹುರಿದ ಸೋಯಾ ಹಿಟ್ಟಿನ ಬಣ್ಣ,
ಹಿಟ್ಟಿನ ಹಾಗೆಯೇ ಕಂಡಕಂಡವರಿಗೆ ಮೆತ್ತಿಕೊಳ್ಳುತ್ತದೆ.
ಇನ್ನೊಂದು ಅಚ್ಚ ಬಿಳಿ. ಹೆಸರು ಸುಮಿ.
ಸುಮಿ ಅಂದರೆ ನಮ್ಮಲ್ಲಿ ಮಸಿ.
“ಹಿಮದಲ್ಲಿ ಕಳೆದುಹೋದರೆ ಹೆಸರಾದರೂ ಕಾಣಲಿ”
ಎಂದು ನನ್ನ ಕಿವಿಯ ಸುತ್ತ ಕತ್ತರಿಯಾಡಿಸುತ್ತ
ನಕ್ಕಿದ್ದರು.

ಹಗಲು ಅವುಗಳ ಆಟ ನೋಡಬೇಕು.
ನಾನು ರಾತ್ರಿಯೆಲ್ಲ ಒಟ್ಟಿದ ಗುಡ್ಡದಿಂದ ಧುಮುಕಿ
ಕಿವಿಯವರೆಗೆ ಮುಳುಗಿ,
ಬಿಳಿ ಮೀಸೆ ಹೊತ್ತು ಬೇರೆಲ್ಲೋ ಏಳುತ್ತವೆ.
ಸುಮಿ ಮುಳುಗಿದರೆ ಮುಗಿಯಿತು,
ಮೂಗಿನ ಒಂದು ಚುಕ್ಕೆ ಬಿಟ್ಟು
ಇಡೀ ನಾಯಿಯೇ ಅಳಿಸಿಹೋಗುತ್ತದೆ.

ನಾಯಿ ನಾಯಿಯನ್ನು ಆಟಕ್ಕೆ ಕರೆಯುವುದು ಗೊತ್ತಲ್ಲ:
ಮುಂಗಾಲು ಚಾಚಿ, ಎದೆ ನೆಲಕ್ಕಿಳಿಸಿ,
ಸೊಂಟ ಮೇಲೆತ್ತಿ, ಬಾಲ ಗಾಳಿಗೆ.
ನನ್ನ ಹಳದಿ ಯಂತ್ರವೂ ಅದನ್ನೇ ಮಾಡುತ್ತದೆ.
ತಿರುವಿಗೆ ಬಂದು ನಿಂತು
ಅಲಗನ್ನು ನಿಧಾನ ಕೆಳಗಿಳಿಸುತ್ತದೆ,
ನೆತ್ತಿಯ ದೀಪ ಬಾಲದಂತೆ ತಿರುಗುತ್ತದೆ.
ಬಾ ಅನ್ನುತ್ತಿದೆ ಎಂದುಕೊಳ್ಳುತ್ತವೆ ಅವು,
ಹದಿನಾಲ್ಕು ಟನ್ನಿನ ಗೆಳೆಯ.

ಹೋದ ಫೆಬ್ರವರಿಯಲ್ಲಿ
ಹಿಂದೆ ಬಂದ ಊದುಯಂತ್ರದ ಬಾಯಿಂದ ಕೆಂಪಗೆ ಏನೋ ಹಾರಿತು.
ಕುಸಾಕಾಬೆಯೂ ನಾನೂ ಬರಿಗೈಯಲ್ಲಿ ಬಗೆದೆವು,
ಅರ್ಧ ಗಂಟೆ, ಉಗುರಿನ ಸಂದಿಗೆಲ್ಲ ಹಿಮ.
ಮಗುವಿನದೊಂದು ಕೈಗವಸು. ಅಷ್ಟೇ.
ಅಷ್ಟೇ ಎಂದು ಎಷ್ಟು ಸಲ ಹೇಳಿಕೊಂಡರೂ
ಮನೆಗೆ ಹೋಗಿ ಅನ್ನ ಸೇರಲಿಲ್ಲ.

ಈ ವರ್ಷ, ಹದಿನೇಳನೆಯ ತಾರೀಕು, ಅದೇ ತಿರುವು.
ಹಿಮದ ಗೋಡೆಯಲ್ಲಿ ಬಟ್ಟಲಗಲದ ತೂತು,
ಅದರಿಂದ ಎಳೆಯಾಗಿ ಆವಿ.
ಗೋಡೆ ಉಸಿರಾಡುತ್ತಿತ್ತು.
ಇಂಜಿನ್ನು ಆರಿಸಿದೆ. ಕುಸಾಕಾಬೆ ಇಳಿದು
ಬಗ್ಗಿ ಮುಖವಿಟ್ಟ, ಒಳಗಿನಿಂದ ಯಾರೋ
ಅವನ ಮೂಗು ನೆಕ್ಕಿದರು.
ಬಾಗಿಲ ಚಿಲಕ ತಾನೇ ಎತ್ತಲು ಕಲಿತಿತ್ತಂತೆ ಕಿನಾಕೊ,
ಸುಮಿಯನ್ನೂ ಕರೆದುಕೊಂಡು ಬಂದಿತ್ತು.

ನನ್ನ ಕಾಲು ಪೆಡಲಿನ ಮೇಲೆ ನಡುಗುತ್ತಲೇ ಇತ್ತು.
ಹತ್ಸುಎ ರಾತ್ರಿಯುಡುಪಿನಲ್ಲೇ ಓಡಿಬಂದು
ಮೊದಲು ನಾಯಿಗಳಿಗೆ ಬೈದರು, ಆಮೇಲೆ ನನಗೆ,
ಆಮೇಲೆ ಸುಮ್ಮನೆ ನಿಂತರು.

ಈಗ ಚಿಲಕದ ಮೇಲೊಂದು ಅಗುಳಿ.
ನಾನು ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ,
ಎರಡನೆಯ ಸದ್ದು ಕರಗಿದ ಮೇಲೆಯೇ ಬಾಗಿಲು.
ಕುಸಾಕಾಬೆಯ ಹಳೆಯ ಕಿತ್ತಳೆ ಜಾಕೆಟ್ಟು ಕತ್ತರಿಸಿ
ಎರಡು ಅಂಗಿ ಹೊಲಿದಿದ್ದಾರೆ, ಮಿಂಚುವ ಪಟ್ಟಿ ಸಮೇತ.
ಸುಮಿಯದರ ಬೆನ್ನಿನ ಮೇಲೆ ಇನ್ನೂ ಅವನ ನಂಬರಿದೆ.
ಗಂಟೆಯನ್ನೂ ಕಟ್ಟಿದ್ದರು. ಬೇಡ ಅಂದೆ:
ಕ್ಯಾಬಿನ್ನಿನಲ್ಲಿ ಕೂತವನಿಗೆ
ಜಾತ್ರೆಯ ಡೋಲೂ ಕೇಳುವುದಿಲ್ಲ.

ಮೊನ್ನೆ ಆಫೀಸಿನಿಂದ ಫೋನು.
ಕ್ಷೌರದಂಗಡಿ ಮುಂದೆ ಆರು ಮೀಟರು
ಪ್ರತಿ ರಾತ್ರಿ ಯಾಕೆ ಹಾಗೇ ಉಳಿಯುತ್ತಿದೆ?
ಅಲಗಿನ ತೊಂದರೆ, ಅಂದೆ.
ಸುಳ್ಳೇನಲ್ಲ. ಅಲ್ಲಿಗೆ ಬಂದಾಗ ಅದನ್ನು ಎತ್ತಿ ಹಿಡಿಯುತ್ತೇನೆ.
ಕಿಟಕಿಯ ಹಿಂದೆ ಎರಡು ಮೂತಿ
ಗಾಜು ಮಸುಕು ಮಾಡಿಕೊಂಡು ಕಾಯುತ್ತಿರುತ್ತವೆ,
ಯಂತ್ರ ಬಾಗಿ ಅವನ್ನು ಕರೆಯಕೂಡದು.

ಉಳಿದ ಹಿಮಕ್ಕೆ ಕುಸಾಕಾಬೆ ಸಲಿಕೆ ತೆಗೆಯುತ್ತಾನೆ,
ಬೈದುಕೊಳ್ಳುತ್ತ, ಬಾಯಿಂದ ಹೊಗೆ ಬಿಡುತ್ತ.