ಎರಡು ಬಕೆಟ್ಟು

ಆಲೆಮನೆ ನಿಂತು ಒಂಬತ್ತು ವರ್ಷ.
ಕೊಪ್ಪರಿಗೆ ಮಾರಿದೆವು, ಗಾಣ ಮಾರಿದೆವು,
ಗೋಡೆಗೆ ಹಿಡಿದ ಬೆಲ್ಲದ ವಾಸನೆಯನ್ನು ಮಾತ್ರ ಯಾರೂ ಕೊಳ್ಳಲಿಲ್ಲ.
ಆ ಗೋಡೆಯೊಳಗೆ ಈಗ ಸಮುದ್ರ:
ಎರಡು ನೀಲಿ ಡ್ರಮ್ಮು, ಒಂದು ಗಾಜಿನ ತೊಟ್ಟಿ,
ಲೀಟರಿಗೆ ಮೂವತ್ತು ಗ್ರಾಂ ಉಪ್ಪು
ತೂಗಿ, ಕಲಸಿ, ಒಂದು ರಾತ್ರಿ ಕಾದು.

ಹೊರಗೆ ಕೊಳದಲ್ಲಿ ಕಪ್ಪೆಚಿಪ್ಪು, ಸಾವಿರದ ಇನ್ನೂರು,
ಬಲೆಚೀಲದಲ್ಲಿ ತೂಗುತ್ತ
ಹೊಟ್ಟೆಯಲ್ಲಿಟ್ಟ ಮಣಿಗೆ ಹೊಳಪು ಬಳಿಯುತ್ತಿವೆ.
ಅವಕ್ಕೆ ಅವಸರವಿಲ್ಲ.
ಹದಿನೆಂಟು ತಿಂಗಳು ಅಂದರೆ ಹದಿನೆಂಟು ತಿಂಗಳು.
ಕಾಯುವ ಬೇಸರಕ್ಕೇ ಇರಬೇಕು
ನಮ್ಮ ಯಜಮಾನರು ಕುದುರೆ ತಂದದ್ದು.

ಕಡಲಕುದುರೆ. ಹೆಬ್ಬೆರಳಿನಷ್ಟು.
ಕಾಡಿನ ಇಲಾಖೆಯ ಕಾಗದ ಬರಲು ಹದಿನಾಲ್ಕು ತಿಂಗಳು,
ಕುದುರೆ ಬರಲು ರೈಲಿನಲ್ಲಿ ಒಂದು ರಾತ್ರಿ.
ಕಿರಂಗೂರಿನ ಟೀ ಅಂಗಡಿಯಲ್ಲಿ ಕೇಳಿದರಂತೆ:
"ಜವರಪ್ಪಾ, ಕುದ್ರೆ ಬಂತು, ಜಟಕಾ ಯಾವಾಗ್ಲಾ?"
ಇವರೂ ನಕ್ಕು, ಟೀ ಕುಡಿದು ಬಂದರು.

ಸಿಹಿನೀರಿಗೊಂದು ಬಕೆಟ್ಟು, ಉಪ್ಪುನೀರಿಗೊಂದು.
ಹಿಡಿಗೆ ಕೆಂಪು ದಾರ ಕಟ್ಟಿದ್ದು ಉಪ್ಪಿನದು.
ಒಮ್ಮೆ ಮುಸ್ಸಂಜೆ ನಾನೇ ತಪ್ಪಿ
ಚಿಪ್ಪಿನ ತೊಟ್ಟಿಗೆ ಸುರಿದೆ.
ಬೆಳಿಗ್ಗೆ ನಲವತ್ತು, ಬಾಯಿ ತೆರೆದುಕೊಂಡು.
ಇವರು ಬೈಯಲಿಲ್ಲ.
ದಾರದ ಮೇಲೆ ಇನ್ನೊಂದು ದಾರ ಕಟ್ಟಿದರು.

ಮೊನ್ನೆ ರಾತ್ರಿ ಕರೆಂಟು ಹೋಗಿತ್ತು.
ಸೈಕಲ್ ಪಂಪಿನಲ್ಲಿ ನೀರಿಗೆ ಗಾಳಿ ಒತ್ತುತ್ತ ಕೂತವರು ಕೂಗಿದರು:
"ದ್ಯಾವಮ್ಮಾ, ಬಾ ಇಲ್ಲಿ."
ಟಾರ್ಚಿನ ಬೆಳಕಲ್ಲಿ ಗಂಡುಕುದುರೆ
ಬಾಲವನ್ನು ಪ್ಲಾಸ್ಟಿಕ್ ಹಗ್ಗಕ್ಕೆ ಸುತ್ತಿ
ಬಗ್ಗಿ, ಸೆಟೆದು, ಬಗ್ಗಿ
ಹೊಟ್ಟೆಯ ಚೀಲದಿಂದ ಮರಿಗಳನ್ನು ಚಿಮ್ಮುತ್ತಿತ್ತು,
ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ.
ಹೆಣ್ಣು ಆಚೆ ಮೂಲೆಯಲ್ಲಿ,
ಯಾರದೋ ಮನೆಯ ಬಾಣಂತನ ಅನ್ನುವ ಹಾಗೆ.

ನಾನು ಮೂರು ಹೆತ್ತೆ.
ಮೂರು ಸಲವೂ ಇವರು
ಪಟ್ಟಣದ ಆಸ್ಪತ್ರೆಯ ಗೇಟಿನಾಚೆ ಬೀಡಿ ಸೇದುತ್ತಿದ್ದರು.
ಈಗ ಮೊಣಕಾಲೂರಿ, ಉಸಿರು ಬಿಗಿಹಿಡಿದು,
"ಪಾಪ ಕಣಮ್ಮಿ, ಎಷ್ಟು ನೋವು ತಿಂತದೆ ನೋಡು."
ನೋಡಿದೆ.
ಕುದುರೆಯನ್ನಲ್ಲ.

ನೂರ ಹನ್ನೆರಡು ಎಂದು ಕ್ಯಾಲೆಂಡರಿನಲ್ಲಿ ಬರೆದರು.
ಬೆಳಿಗ್ಗೆ ಎಂಬತ್ತು.
ಶನಿವಾರಕ್ಕೆ ಮೂವತ್ತೊಂಬತ್ತು, ಮೆಂತ್ಯದ ಮೊಳಕೆಯಂತೆ,
ಒಂದರ ಬಾಲ ಇನ್ನೊಂದು ಹಿಡಿದು.
ಕೊಳ್ಳುವವರು ಚೆನ್ನೈನಿಂದ ಫೋನು ಮಾಡಿದರೆ
"ಇನ್ನೂ ಎಳೇವು" ಅಂದು ಇಟ್ಟುಬಿಡುತ್ತಾರೆ.

ತೊಟ್ಟಿಯ ಕೆಲಸ ಮುಗಿಸಿ, ಕೈ ತೊಳೆಯುವುದು ಮರೆತು
ಬೆಲ್ಲದ ಕಾಫಿ ಮಾಡಿಕೊಟ್ಟೆ.
"ಉಪ್ಪುಪ್ಪಾಗದೆ," ಅಂದರು.
ಲೋಟ ಖಾಲಿ ಮಾಡಿ
ಪಂಪಿನ ಹತ್ತಿರ ಹೋದರು.