ಉಳಿದ ಸದ್ದು

“ಬೋರ್ಡಿನಲ್ಲೇ ಇದೆಯಲ್ಲ, ಸಾಕು ಬಿಡಿ,
ಎರಡು ಸಾವಿರ ದಂಡ” ಅಂದ
ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ ಎದುರಿನ ಅತಾವುಲ್ಲಾ.
ಆದರೂ ಸೌಂಡ್ ಕಾರ್ಡ್ ಕೊಂಡೆ.

ಮೌಸ್ ಸರಿಸಿದಾಗೆಲ್ಲ ಅತ್ತೆಯ ಪದದೊಳಗೆ
ಜಿರಳೆ ಹರಿದಾಡುತ್ತಿತ್ತು. ಈಗಿಲ್ಲ.
ಫ್ಯಾನಿನ ಗೊರಗೊರವೂ ಇಲ್ಲ.
ಉಳಿದದ್ದು ಒಂದೇ ಸರಸರ,
ಕ್ಯಾಸೆಟ್ಟಿನ ಎರಡೂ ಬದಿಗೆ.

ತಂತಿ ಬದಲಿಸಿದೆ. ಹೆಡ್ಡಿಗೆ ಸ್ಪಿರಿಟ್ ಹಚ್ಚಿದೆ.
ಫಿಲ್ಟರ್ ಒತ್ತಲು ಬೆರಳೆತ್ತಿದ್ದೆ,
ಬಾಗಿಲಲ್ಲಿ ಪಿಳ್ಳಕ್ಕ:
“ತಡಿ, ಅದು ಹುಳ.
ನಾಲ್ಕನೇ ಜ್ವರ ಎದ್ದಿದ್ವು ಆವತ್ತು.
ಪದ ಹೇಳ್ತಾನೇ ಸೊಪ್ಪು ಹಾಕ್ತಿದ್ಲು.”

ಅತ್ತೆ ಉಸಿರೆಳೆದುಕೊಳ್ಳುವಲ್ಲೆಲ್ಲ
ಕೇಳಿಸುತ್ತದೆ, ಇಡೀ ತಟ್ಟೆ ಹಿಪ್ಪುನೇರಳೆ
ಅಂಚಿನಿಂದ ಕರಗುತ್ತಿರುವುದು.

“ಹಳೇದರಲ್ಲೂ ಇದು ಇತ್ತಲ್ವಾ?”
ಅಂದ ಅತಾವುಲ್ಲಾ,
ಹೆಡ್‌ಫೋನ್ ಮಾತ್ರ ಬಿಚ್ಚದೆ.